ಅಲೆದ ಖಂಡಗಳೂ ಅಳೆದ ಕೈಗಳೂ

ಕಳೆದ ವರ್ಷ ಬೇಸಗೆಗೆ ಮುಂಚೆ ಒಂದು ಕಾಲೇಜಿನ ವಿಜ್ಞಾನ ಸಂಘದವರು ಕರೆದರೆಂದು ಭೂಮಿಯ ಪೂರ್ವಚರಿತ್ರೆಯನ್ನು ಕುರಿತು ನಾಲ್ಕು ಮಾತು ಹೇಳಿಬರಲು ಹೋಗಿದ್ದೆ. ಮಾತು ಮುಗಿದು, ವಂದನಾರ್ಪಣೆಗೆ ಇನ್ನೂ ಎರಡು ನಿಮಿಷವಿರುವಾಗ, ಹಿಂದಿನ ಸಾಲಿನಿಂದ ಎದ್ದುನಿಂತ ತರುಣನೊಬ್ಬನು, ಹಿಂದೂ ಮಹಾಸಾಗರದ ತಳದಲ್ಲಿ ಒಂದು ಮಹಾಖಂಡವು ಮುಳುಗಿಹೋಗಿದೆಯೆಂದೂ ಮಾನವನ ಮೊಟ್ಟಮೊದಲ ನಾಗರಿಕತೆಯು ಅಲ್ಲಿಯೇ ಬೆಳಗಿತೆಂದೂ ತಾನು ಓದಿರುವುದಾಗಿ ಹೇಳಿದನು. ಅದಕ್ಕೆ ಆಧಾರವೇನಪ್ಪಾ ಎಂದು ನಾನು ಕೇಳಿದುದಕ್ಕೆ ಅವನು ಕೊಟ್ಟ ಉತ್ತರವು ಇದು: "ಸರ್, ವೆಗೆನರ್ ಹೇಳಿದಾಗಲೂ ಯಾರೂ ನಂಬಲಿಲ್ಲವಲ್ಲ? ಕೊನೆಗೆ ಅವನ ಮಾತೇ ನಿಜವಾಯಿತಲ್ಲ?" ಸಭೆಯು ಚಪ್ಪಾಳೆ ತಟ್ಟಿತು. ಹೊತ್ತು ಮೀರಿದ್ದುದರಿಂದ ಏನೋ ಎರಡು ಮಾತು ಹೇಳಿ ಕುಳಿತೆನಾದರೂ, ಆ ಪ್ರಶ್ನೆಗೆ ಸಲ್ಲಬೇಕಾದ ಉತ್ತರವನ್ನು ಕೊಡಲಿಲ್ಲವೆಂಬ ಭಾರವು ಮನಸ್ಸಿನಲ್ಲಿ ಉಳಿದುಬಂದಿತು. ಆ ಋಣವನ್ನು ಇಲ್ಲಿ ತೀರಿಸಲು ಯತ್ನಿಸುತ್ತೇನೆ.

ಖಂಡಗಳು ಚಲಿಸುತ್ತವೆಂಬ ಸಿದ್ಧಾಂತದ ಕಥೆಯನ್ನು ನಾವು ಸಾಮಾನ್ಯವಾಗಿ ಹೇಳುವುದು ಒಂದು ಪುರಾಣದ ಧಾಟಿಯಲ್ಲಿ: ಒಬ್ಬ ದ್ರಷ್ಟಾರನಿದ್ದನು, ಅವನಿಗೆ ಸತ್ಯವು ಕಂಡಿತು, ಪಂಡಿತರೆಲ್ಲರೂ ಅವನನ್ನು ಹಾಸ್ಯಮಾಡಿದರು, ಅವನು ಹಿಮದಲ್ಲಿ ಪ್ರಾಣಬಿಟ್ಟನು, ಲೋಕವು ತಡವಾಗಿ ತಲೆಬಾಗಿತು. ಇದರಲ್ಲಿ ಅರ್ಧವು ನಿಜ. ಉಳಿದರ್ಧವು ವೆಗೆನರನಿಗೂ ಅವನನ್ನು ವಿರೋಧಿಸಿದವರಿಗೂ ಏಕಕಾಲದಲ್ಲಿ ಅನ್ಯಾಯಮಾಡುವುದಲ್ಲದೆ, ಆಧಾರವಿಲ್ಲದ ಯಾವ ಮಾತನ್ನಾದರೂ ಆಡುವವನ ಕೈಗೆ ಒಂದು ಗುರಾಣಿಯನ್ನು ಕೊಟ್ಟುಬಿಡುತ್ತದೆ. ಜನರು ನಕ್ಕರೆಂಬುದು ಸತ್ಯಕ್ಕೆ ಲಕ್ಷಣವಾಗುವುದಾದರೆ ಸುಳ್ಳಿಗೂ ಅದೇ ಲಕ್ಷಣವು ಉಂಟು. ಆದುದರಿಂದ ಈ ಕಥೆಯನ್ನು ಬೇರೆ ತುದಿಯಿಂದ, ಯಾರು ಏನನ್ನು ಅಳೆದರು ಎಂಬ ಕಡೆಯಿಂದ, ಹೇಳಬೇಕೆಂಬುದು ನನ್ನ ಅಭಿಪ್ರಾಯ.

ಆ ತರುಣನ ಮುಳುಗಿದ ಖಂಡದಿಂದಲೇ ಪ್ರಾರಂಭಿಸಬಹುದು. ಏಕೆಂದರೆ ಅದಕ್ಕೂ ಒಂದು ಗೌರವಾರ್ಹವಾದ ಜನ್ಮವೃತ್ತಾಂತವಿದೆ. 1864ರಲ್ಲಿ ಫಿಲಿಪ್ ಸ್ಕ್ಲೇಟರ್ ಎಂಬ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞನು ಮಡಗಾಸ್ಕರ್ ದ್ವೀಪದ ಲೀಮರ್ ಎಂಬ ಮರವಾಸಿ ಪ್ರಾಣಿಗಳನ್ನು ಕುರಿತು ಯೋಚಿಸುತ್ತಿದ್ದಾಗ, ಅವುಗಳ ದಾಯಾದಿಗಳು ಕಡಲಾಚೆ ಭಾರತದಲ್ಲಿಯೂ ಇರುವುದು ಹೇಗೆಂಬ ತೊಡಕು ಅವನಿಗೆ ಎದುರಾಯಿತು. ನಮ್ಮ ತುಮಕೂರು ಸೀಮೆಯ ಹುಣಿಸೆ ತೋಪುಗಳಲ್ಲಿ ರಾತ್ರಿ ಹೊತ್ತು ದೊಡ್ಡ ಕಣ್ಣು ಬಿಟ್ಟುಕೊಂಡು ಮೆಲ್ಲಮೆಲ್ಲನೆ ನಡೆಯುವ ಕಾಡುಪಾಪವು ಆ ದೂರದ ಬಳಗಕ್ಕೆ ಸೇರಿದುದು. ಇಷ್ಟು ಸಣ್ಣ ಜೀವಿಯು ಇಷ್ಟು ದೊಡ್ಡ ಸಮುದ್ರವನ್ನು ಈಜಿ ದಾಟಿರಲಾರದು. ಹಾಗಾದರೆ ನಡುವೆ ನೆಲವಿದ್ದಿರಬೇಕು, ಅದು ಮುಳುಗಿರಬೇಕು ಎಂದು ಊಹಿಸಿ, ಆ ನೆಲಕ್ಕೆ ಅವನು ಲೆಮೂರಿಯ ಎಂದು ಹೆಸರಿಟ್ಟನು. ಅಂದಿನ ತಿಳಿವಳಿಕೆಯ ಮಿತಿಯಲ್ಲಿ ಇದು ಕೆಟ್ಟ ಊಹೆಯಲ್ಲ. ಆಫ್ರಿಕ, ದಕ್ಷಿಣ ಅಮೆರಿಕ, ಆಸ್ಟ್ರೇಲಿಯ, ಭಾರತ ಈ ಎಲ್ಲ ಕಡೆಗಳ ಕಲ್ಲಿದ್ದಲ ಸ್ತರಗಳಲ್ಲಿಯೂ ಗ್ಲಾಸಾಪ್ಟೆರಿಸ್ ಎಂಬ ನಾಲಗೆಯಾಕಾರದ ಎಲೆಯ ಅಚ್ಚುಗಳು ದೊರೆಯುತ್ತಿದ್ದುವು. ಆಸ್ಟ್ರಿಯದ ಎಡ್ವರ್ಡ್ ಸೂಯೆಸ್ ಎಂಬ ಮಹಾಪಂಡಿತನು ಈ ದೇಶಗಳನ್ನೆಲ್ಲ ಒಳಗೊಂಡ ಒಂದು ಪ್ರಾಚೀನ ಭೂಭಾಗವನ್ನು ಕಲ್ಪಿಸಿ, ನಮ್ಮ ಮಧ್ಯಭಾರತದ ಗೋಂಡ ಜನರ ಸೀಮೆಯ ಹೆಸರನ್ನೇ ಅದಕ್ಕೆ ಕೊಟ್ಟು ಗೋಂಡ್ವಾನಾಭೂಮಿ ಎಂದು ಕರೆದನು. ಅವನ ಮತದಲ್ಲಿಯೂ ನಡುವಿನ ನೆಲಗಳು ಕುಸಿದು ಕಡಲ ಪಾಲಾಗಿದ್ದುವು.

ಈ ಊಹೆಯನ್ನು ಕೆಡವಿದ ಆಯುಧವು ಯಾವುದೆಂದರೆ, ಗಾರೆಯವನು ಗೋಡೆಯ ನೇರವನ್ನು ನೋಡಲು ದಾರಕ್ಕೆ ಕಟ್ಟಿ ಇಳಿಬಿಡುವ ತೂಗುಗುಂಡು. ಆ ಪ್ರಸಂಗವು ನಡೆದುದೂ ಭಾರತದ ನೆಲದಲ್ಲಿಯೇ. 1802ರಲ್ಲಿ ಮದರಾಸಿನ ಬಳಿ ವಿಲಿಯಂ ಲ್ಯಾಂಬ್ಟನ್ ಆರಂಭಿಸಿದ ಮಹಾತ್ರಿಕೋನಮಿತಿಯ ಮೋಜಣಿಯು ಜಾರ್ಜ್ ಎವರೆಸ್ಟನ ಕಾಲಕ್ಕೆ ಉತ್ತರದ ಬಯಲನ್ನು ಮುಟ್ಟಿದಾಗ, ಕಲ್ಯಾಣಪುರ ಮತ್ತು ಕಲಿಯಾನ ಎಂಬ ಎರಡು ಠಾಣೆಗಳ ನಡುವಣ ಅಂತರವನ್ನು ನೆಲದ ಮೇಲೆ ಅಳೆದರೆ ಒಂದು ಲೆಕ್ಕ, ನಕ್ಷತ್ರಗಳನ್ನು ನೋಡಿ ಗುಣಿಸಿದರೆ ಇನ್ನೊಂದು ಲೆಕ್ಕ ಬಂದಿತು. ವ್ಯತ್ಯಾಸವು 5.24 ವಿಕಲೆ, ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಅಂಥ ಐದು ಪಾಲಿಗಿಂತ ತುಸು ಹೆಚ್ಚು, ನೆಲದ ಮೇಲೆ ಸುಮಾರು 160 ಮೀಟರು. ಆರು ನೂರು ಕಿಲೋಮೀಟರಿನಲ್ಲಿ ಇಷ್ಟೇ ತಾನೆ ಎಂದು ಬಿಟ್ಟುಬಿಡದೆ ಅದರ ಕಾರಣವನ್ನು ಹುಡುಕಿದವರಿಗೆ ನಾವು ಎಷ್ಟು ಕೃತಜ್ಞರಾದರೂ ಸಾಲದು. ಹಿಮಾಲಯದ ರಾಶಿಯು ಗುಂಡನ್ನು ತನ್ನ ಕಡೆಗೆ ಸೆಳೆದಿರಬೇಕೆಂದು ಕಲ್ಕತ್ತೆಯಲ್ಲಿದ್ದ ಪ್ರಾಟ್ ಎಂಬ ಪಾದ್ರಿಯು ಗಣಿತವನ್ನು ಹೂಡಿದನು. ಅಷ್ಟು ದೊಡ್ಡ ಪರ್ವತವು ಸೆಳೆಯಬೇಕಾದ ಪ್ರಮಾಣವು ಸುಮಾರು 15.9 ವಿಕಲೆಯೆಂದು ಬಂದಿತು; ವಾಸ್ತವವಾಗಿ ಸೆಳೆದಿದ್ದುದು ಅದರ ಮೂರನೆಯ ಒಂದು ಪಾಲು. ಅಂದರೆ ಹಿಮಾಲಯದ ಅಡಿಯಲ್ಲಿ ಹಗುರವಾದ ಶಿಲೆಯು ಆಳಕ್ಕೆ ಇಳಿದಿದೆ, ನೀರಿನಲ್ಲಿ ತೇಲುವ ಮರದ ದಿಮ್ಮಿಯಂತೆ ಪರ್ವತಗಳೂ ಖಂಡಗಳೂ ತಮಗಿಂತ ಭಾರವಾದ ಪದಾರ್ಥದ ಮೇಲೆ ತೇಲಿಕೊಂಡಿವೆ ಎಂದು 1855ರಲ್ಲಿ ಜಾರ್ಜ್ ಏರಿ ವಿವರಿಸಿದನು. ತೇಲುವ ದಿಮ್ಮಿಯು ತಾನಾಗಿ ಮುಳುಗುವುದಿಲ್ಲ. ಖಂಡವೊಂದು ಸಾಗರದ ತಳಕ್ಕೆ ಇಳಿದುಹೋಗುವುದು ಅಸಾಧ್ಯವೆಂಬ ತೀರ್ಪು ಆ 5.24 ವಿಕಲೆಗಳಲ್ಲಿ ಅಡಗಿತ್ತು. ಸಾಮ್ರಾಜ್ಯದ ಭೂಪಟಕ್ಕಾಗಿ ಅಳತೆಸರಪಳಿಗಳನ್ನು ಹೊತ್ತು ಕಾಡುಮೇಡು ತಿರುಗಿ, ಜ್ವರಕ್ಕೆ ಬಲಿಯಾದ ಆ ಹೆಸರಿಲ್ಲದ ಕೂಲಿಗಳಿಗೆ ತಾವು ಭೂಮಿಯ ಆಳವನ್ನು ತೂಗುತ್ತಿರುವೆವೆಂಬುದು ತಿಳಿದಿರಲಿಲ್ಲ.

ಹೀಗೆ ಇಪ್ಪತ್ತನೆಯ ಶತಮಾನವು ಹುಟ್ಟುವ ವೇಳೆಗೆ ವಿದ್ವಾಂಸರು ಇಕ್ಕಟ್ಟಿಗೆ ಸಿಕ್ಕಿದ್ದರು. ಪ್ರಾಣಿಗಳೂ ಸಸ್ಯಗಳೂ ನಡುವೆ ನೆಲವಿತ್ತೆಂದು ಸಾಕ್ಷಿ ನುಡಿಯುತ್ತಿದ್ದುವು. ತೂಗುಗುಂಡು ನೆಲವು ಮುಳುಗದೆಂದು ನುಡಿಯುತ್ತಿತ್ತು. ಎರಡು ಸಾಕ್ಷ್ಯಗಳನ್ನೂ ಒಪ್ಪುವುದಾದರೆ ಉಳಿಯುವ ಮಾರ್ಗವು ಒಂದೇ: ನಡುವಿನ ನೆಲವು ಕೆಳಗೆ ಹೋಗಿಲ್ಲವಾದರೆ ಪಕ್ಕಕ್ಕೆ ಹೋಗಿರಬೇಕು. ಆಲ್ಫ್ರೆಡ್ ವೆಗೆನರನ ಪ್ರತಿಭೆಯು ಬೆಳಗಿದುದು ಇಲ್ಲಿ. ಅಟ್ಲಾಂಟಿಕದ ಎರಡು ದಡಗಳು ಒಂದಕ್ಕೊಂದು ಹೊಂದುವಂತೆ ಕಾಣುವುದನ್ನು ಆತನಿಗಿಂತ ಮುನ್ನೂರು ವರ್ಷ ಮೊದಲೇ, 1596ರಲ್ಲಿ, ಭೂಪಟಗಾರನಾದ ಆರ್ಟೀಲಿಯಸ್ ಬರೆದಿಟ್ಟಿದ್ದನು. ಭೂಪಟವನ್ನು ನೋಡುವ ಯಾವ ಮಗುವಿಗಾದರೂ ಅದು ಕಂಡೀತು. ದಡಗಳು ಹೊಂದುತ್ತವೆಂದು ಹೇಳಿ ಸುಮ್ಮನಾಗದೆ, ಬೇರೆಬೇರೆ ಶಾಸ್ತ್ರಗಳ ಸಾಕ್ಷಿಗಳನ್ನೆಲ್ಲ ಒಂದೇ ನ್ಯಾಯಸ್ಥಾನಕ್ಕೆ ಕರೆತಂದುದು ವೆಗೆನರನ ಕೆಲಸ.

ಆತನು ಭೂವಿಜ್ಞಾನಿಯಲ್ಲ, ಹವೆಯ ಶಾಸ್ತ್ರವನ್ನು ಕಲಿತವನು. 1906ರಲ್ಲಿ ಅಣ್ಣನೊಡನೆ ಬಲೂನಿನಲ್ಲಿ ಐವತ್ತೆರಡು ಗಂಟೆಗಳ ಕಾಲ ಆಕಾಶದಲ್ಲಿದ್ದು ಅಂದಿನ ದಾಖಲೆಯನ್ನು ಮುರಿದಿದ್ದವನು. 1912ರ ಜನವರಿ 6ರಂದು ಫ್ರಾಂಕ್‌ಫರ್ಟಿನಲ್ಲಿ ತನ್ನ ಮತವನ್ನು ಮೊದಲು ಮಂಡಿಸಿದನು. ಮಹಾಯುದ್ಧದಲ್ಲಿ ಗಾಯಗೊಂಡು ವಿಶ್ರಾಂತಿಯಲ್ಲಿದ್ದಾಗ ಅದನ್ನು ವಿಸ್ತರಿಸಿ, 1915ರಲ್ಲಿ ಖಂಡಗಳ ಮತ್ತು ಸಾಗರಗಳ ಉತ್ಪತ್ತಿಯನ್ನು ಕುರಿತ ಗ್ರಂಥವಾಗಿ ಪ್ರಕಟಿಸಿದನು. ದಕ್ಷಿಣ ಅಮೆರಿಕದಲ್ಲಿಯೂ ಆಫ್ರಿಕದ ದಕ್ಷಿಣಭಾಗದಲ್ಲಿಯೂ ಮಾತ್ರ ಅವಶೇಷಗಳು ದೊರೆಯುವ ಮೀಸೋಸಾರಸ್ ಎಂಬ ಸಣ್ಣ ಸರೀಸೃಪ, ಕಡಲಿನ ಈಚೆ ನಿಂತುಹೋಗಿ ಆಚೆ ಮುಂದುವರಿಯುವ ಪರ್ವತಗಳ ಸಾಲು, ಇಂದು ಬಿಸಿಲು ಸುಡುವ ಒಡಿಶಾದ ತಾಲ್ಚೇರಿನಲ್ಲಿ ಪುರಾತನ ಹಿಮನದಿಗಳು ಹೊತ್ತುತಂದು ಸುರಿದ ಬಂಡೆಗಳ ಸ್ತರ, ಇವೆಲ್ಲವೂ ಅಲ್ಲಿ ಸಾಕ್ಷಿಗಳಾಗಿ ನಿಂತುವು. ಹರಿದ ವೃತ್ತಪತ್ರಿಕೆಯ ತುಂಡುಗಳನ್ನು ಜೋಡಿಸುವಾಗ ಅಂಚುಗಳು ಹೊಂದುವುದಷ್ಟೆ ಸಾಲದು, ಅಚ್ಚಾದ ಸಾಲುಗಳೂ ಒಂದರಿಂದೊಂದಕ್ಕೆ ಓದಿಸಿಕೊಂಡು ಹೋಗಬೇಕು ಎಂಬುದು ಆತನೇ ಕೊಟ್ಟ ಉಪಮಾನ. ಧ್ರುವಯಾತ್ರಿಕನಾದ ಸ್ಕಾಟ್ ಮತ್ತು ಅವನ ಸಂಗಡಿಗರು 1912ರಲ್ಲಿ ದಕ್ಷಿಣಧ್ರುವದಿಂದ ಹಿಂದಿರುಗುತ್ತ ಹಸಿವಿನಿಂದಲೂ ಚಳಿಯಿಂದಲೂ ಸಾಯುವಾಗ, ಒಂದೊಂದು ಸೇರು ಭಾರವನ್ನೂ ಇಳಿಸಬೇಕಾಗಿದ್ದ ಆ ದುರವಸ್ಥೆಯಲ್ಲಿಯೂ, ಸುಮಾರು ಹದಿನಾರು ಕಿಲೋ ಕಲ್ಲುಗಳನ್ನು ಬಿಸಾಡದೆ ಎಳೆದುಕೊಂಡು ಬಂದಿದ್ದರು. ಅವುಗಳಲ್ಲಿ ಗ್ಲಾಸಾಪ್ಟೆರಿಸ್ ಎಲೆಯ ಅಚ್ಚು ಇದ್ದಿತು. ಮಂಜಿನ ಖಂಡವೂ ಒಂದು ಕಾಲದಲ್ಲಿ ನಮ್ಮ ಕಲ್ಲಿದ್ದಲ ಸೀಮೆಯ ನೆರೆಯೂರಾಗಿತ್ತೆಂಬುದಕ್ಕೆ ಆ ಮೃತರ ಗಾಡಿಯು ಸಾಕ್ಷಿಯಾಯಿತು.

ಇಷ್ಟಿದ್ದರೂ ಪಂಡಿತರು ಒಪ್ಪಲಿಲ್ಲ. ಏಕೆ? ಅವರಲ್ಲಿ ಕೆಲವರು, ಹವೆಯ ಶಾಸ್ತ್ರದವನಿಗೆ ನಮ್ಮ ಹೊಲದಲ್ಲೇನು ಕೆಲಸವೆಂಬ ಸಂಕುಚಿತಬುದ್ಧಿಯಿಂದಲೇ ಮಾತಾಡಿದರೆಂಬುದು ನಿಜ. 1926ರಲ್ಲಿ ನ್ಯೂಯಾರ್ಕಿನಲ್ಲಿ ಸೇರಿದ ಗೋಷ್ಠಿಯಲ್ಲಿ ಅಂಥ ಕಟುವಚನಗಳು ಬಂದುವು. ಆದರೆ ಬಲವಾದ ಆಕ್ಷೇಪಣೆಯು ಬೇರೆಯಾಗಿತ್ತು, ಅದು ನ್ಯಾಯವಾಗಿಯೂ ಇತ್ತು. ಖಂಡವನ್ನು ತಳ್ಳುವ ಶಕ್ತಿ ಯಾವುದು? ಭೂಮಿಯ ತಿರುಗುವಿಕೆಯಿಂದ ಹುಟ್ಟುವ ಬಲವನ್ನೂ ಚಂದ್ರಸೂರ್ಯರ ಸೆಳೆತವನ್ನೂ ವೆಗೆನರ್ ಹೆಸರಿಸಿದನು. ಕೇಂಬ್ರಿಜಿನ ಹೆರಾಲ್ಡ್ ಜೆಫ್ರೀಸ್ ಆ ಬಲಗಳನ್ನು ಗಣಿತಕ್ಕೆ ಒಡ್ಡಿ, ಬೇಕಾದುದಕ್ಕಿಂತ ಅವು ಲಕ್ಷಾಂತರ ಪಾಲು ಕ್ಷೀಣವಾದುವೆಂದು ತೋರಿಸಿದನು. ಸಾಗರತಳದ ಗಟ್ಟಿ ಶಿಲೆಯನ್ನು ಸೀಳಿಕೊಂಡು ಖಂಡವು ಹಡಗಿನಂತೆ ಸಾಗುವುದು ಸಾಧ್ಯವಿಲ್ಲವೆಂಬ ಆತನ ಮಾತು ಇಂದಿಗೂ ಸತ್ಯವಾಗಿದೆ. ಖಂಡಗಳು ಹಾಗೆ ಸಾಗುವುದೇ ಇಲ್ಲ. ಗ್ರೀನ್‌ಲೆಂಡಿನ ರೇಖಾಂಶವನ್ನು ಹಿಂದೆಯೂ ಇಂದೂ ಅಳೆದವರ ಅಂಕಿಗಳನ್ನು ಹೋಲಿಸಿ ವೆಗೆನರ್, ಆ ದ್ವೀಪವು ವರ್ಷಕ್ಕೆ ಹತ್ತಾರು ಮೀಟರು ಸರಿಯುತ್ತಿದೆಯೆಂದು ನಂಬಿದ್ದನು. ಅಂದಿನ ಉಪಕರಣಗಳ ದೋಷವೇ ಅಲ್ಲಿ ಚಲನೆಯ ವೇಷ ಹಾಕಿಕೊಂಡಿತ್ತು. ನಿಜವಾದ ವೇಗವು ವರ್ಷಕ್ಕೆ ಎರಡೂವರೆ ಸೆಂಟಿಮೀಟರಿನ ಆಸುಪಾಸು.

ನನಗೆ ವೆಗೆನರನ ಮೇಲಿರುವ ಗೌರವವು ಈ ತಪ್ಪಿನಿಂದ ಒಂದಿಷ್ಟೂ ಕುಗ್ಗಿಲ್ಲ, ಹೆಚ್ಚಿದೆ. ತನ್ನ ಮತವು ಅಳತೆಗೆ ಸಿಕ್ಕಬೇಕೆಂದು ಆತನೇ ಬಯಸಿದನು. ಇಂಥ ಸ್ಥಳವನ್ನು ಇಂತಿಷ್ಟು ವರ್ಷಗಳ ಬಳಿಕ ಅಳೆದು ನೋಡಿ, ಚಲಿಸದಿದ್ದರೆ ನನ್ನ ಮಾತನ್ನು ಬಿಟ್ಟುಬಿಡಿ ಎಂಬ ಒಡಂಬಡಿಕೆಗೆ ಆತನು ಸಿದ್ಧನಾಗಿದ್ದನು. ಗ್ರಂಥವನ್ನು ಮೂರು ಸಲ ತಿದ್ದಿ ಮತ್ತೆ ಪ್ರಕಟಿಸಿದನು, ಕೊನೆಯದು 1929ರಲ್ಲಿ. ಮರುವರ್ಷ ಗ್ರೀನ್‌ಲೆಂಡಿನ ಹಿಮದ ನಡುವೆ ಚಳಿಗಾಲವನ್ನು ಕಳೆಯಬೇಕಾಗಿದ್ದ ಸಹೋದ್ಯೋಗಿಗಳಿಗೆ ಸಾಮಗ್ರಿ ಒಯ್ದು, ನವೆಂಬರ್ 1ರಂದು, ತನ್ನ ಐವತ್ತನೆಯ ಹುಟ್ಟುಹಬ್ಬದ ದಿವಸ, ರಾಸ್ಮುಸ್ ವಿಲ್ಲುಮ್ಸೆನ್ ಎಂಬ ಗ್ರೀನ್‌ಲೆಂಡಿನ ತರುಣನೊಡನೆ ಕರಾವಳಿಯ ಕಡೆಗೆ ಹೊರಟವನು ಮರಳಿ ಬರಲಿಲ್ಲ. ಮರುವರ್ಷದ ಮೇ ತಿಂಗಳಲ್ಲಿ ಹುಡುಕಿಹೋದವರಿಗೆ, ಸಂಗಡಿಗನು ಜೋಪಾನವಾಗಿ ಹೊದಿಸಿ ಹೂತಿದ್ದ ಆತನ ದೇಹವು ದೊರೆಯಿತು. ವಿಲ್ಲುಮ್ಸೆನನ ಸುಳಿವು ಇಂದಿನವರೆಗೂ ಸಿಕ್ಕಿಲ್ಲ.

ದಕ್ಷಿಣಾರ್ಧದ ನೆಲವನ್ನು ಕಾಲಿನಿಂದ ತುಳಿದವರು ಮಾತ್ರ ಆ ಮತವನ್ನು ಕೈಬಿಡಲಿಲ್ಲ. ದಕ್ಷಿಣ ಆಫ್ರಿಕದ ಅಲೆಕ್ಸಾಂಡರ್ ಡು ಟಾಯ್ಟ್ 1937ರಲ್ಲಿ ಅದನ್ನು ಸಮರ್ಥಿಸಿ ದೊಡ್ಡ ಗ್ರಂಥವನ್ನು ಬರೆದನು. ಅದಕ್ಕೆ ಒಂದು ವರ್ಷ ಮೊದಲು ನಮ್ಮ ಬೀರಬಲ್ ಸಾಹ್ನಿಯವರು ಸಸ್ಯಾವಶೇಷಗಳ ಬೆಳಕಿನಲ್ಲಿ ಅದನ್ನು ಪರಾಮರ್ಶಿಸಿದ್ದರು. ತಳ್ಳುವ ಶಕ್ತಿಯ ಪ್ರಶ್ನೆಗೆ ಇಂಗ್ಲೆಂಡಿನ ಆರ್ಥರ್ ಹೋಮ್ಸ್ ಆಗಲೇ ಉತ್ತರದ ದಿಕ್ಕನ್ನು ತೋರಿದ್ದನು: ಭೂಗರ್ಭದ ವಿಕಿರಣಪದಾರ್ಥಗಳ ಶಾಖದಿಂದ ಆಳದ ಶಿಲೆಯು, ಒಲೆಯ ಮೇಲಿನ ಗಂಜಿಯಂತೆ ಆದರೆ ಊಹಿಸಲಾಗದಷ್ಟು ನಿಧಾನವಾಗಿ, ಮೇಲಕ್ಕೆದ್ದು ಹರಡಿ ಮತ್ತೆ ಇಳಿಯುತ್ತಿರಬಹುದು ಎಂದು. ಆದರೆ ಇದಾವುದಕ್ಕೂ ಅಳತೆಯ ಬೆಂಬಲವಿರಲಿಲ್ಲ. ಏಕೆಂದರೆ ಭೂಮಿಯ ಮುಕ್ಕಾಲು ಪಾಲಿನ ಆಕಾರವೇ, ನೀರಿನ ಅಡಿಯಲ್ಲಿದ್ದುದರಿಂದ, ಯಾರಿಗೂ ತಿಳಿದಿರಲಿಲ್ಲ.

ಆ ಆಕಾರವನ್ನು ಲೋಕಕ್ಕೆ ತೋರಿಸಿಕೊಟ್ಟವಳು ಮೇರಿ ಥಾರ್ಪ್. ಅಮೆರಿಕದ ಲಮಾಂಟ್ ವೀಕ್ಷಣಾಲಯದಲ್ಲಿ ನಕ್ಷೆಗಾರ್ತಿಯಾಗಿದ್ದ ಆಕೆಗೆ ಹಡಗು ಹತ್ತುವ ಅವಕಾಶವಿರಲಿಲ್ಲ. ಹೆಂಗಸರನ್ನು ಹಡಗಿಗೆ ಸೇರಿಸಿಕೊಳ್ಳುವ ಪದ್ಧತಿಯೇ ಇರಲಿಲ್ಲ. ಸಹೋದ್ಯೋಗಿ ಬ್ರೂಸ್ ಹೀಜನ್ ಮತ್ತಿತರರು ಸಮುದ್ರಯಾನದಲ್ಲಿ ಪ್ರತಿಧ್ವನಿಯಂತ್ರದಿಂದ ಅಳೆದು ತಂದ ಆಳದ ಅಂಕಿಗಳನ್ನು ಮೇಜಿನ ಮೇಲೆ ಹರಡಿಕೊಂಡು, ಒಂದೊಂದನ್ನೂ ಬಿಂದುವಾಗಿ ಗುರುತಿಸಿ, ಬಿಂದುಗಳನ್ನು ಸೇರಿಸಿ, ಅಟ್ಲಾಂಟಿಕವನ್ನು ಅಡ್ಡಹಾಯುವ ಆರು ಪಾರ್ಶ್ವಚಿತ್ರಗಳನ್ನು ಆಕೆ 1952ರಲ್ಲಿ ಒಂದರ ಕೆಳಗೊಂದು ಇಟ್ಟು ನೋಡಿದಳು. ಸಾಗರದ ನಡುವೆ ಪರ್ವತಶ್ರೇಣಿಯೊಂದು ಇರುವುದು ಮೊದಲೇ ತಿಳಿದಿತ್ತು. ಆದರೆ ಶ್ರೇಣಿಯ ನೆತ್ತಿಯಲ್ಲಿ, ಬೈತಲೆ ತೆಗೆದ ಹಾಗೆ, ಒಂದು ಆಳವಾದ ಕಚ್ಚು ಚಿತ್ರದಿಂದ ಚಿತ್ರಕ್ಕೆ ಅದೇ ಸ್ಥಳದಲ್ಲಿ ಕಾಣಿಸಿಕೊಂಡಿತು. ನೆಲವು ಸೀಳಿ ಎರಡು ಕಡೆಗೆ ಸರಿಯುವ ಜಾಗದಲ್ಲಿ ಮಾತ್ರ ಅಂಥ ಕಣಿವೆಯಾದೀತು. ಆಕೆ ಹೀಜನ್ನನಿಗೆ ಹೇಳಿದಾಗ ಅವನು ಅದನ್ನು ಹುಡುಗಿಯರ ಹರಟೆಯೆಂದು ತಳ್ಳಿಹಾಕಿದನು. ಖಂಡಗಳು ಚಲಿಸುತ್ತವೆಂಬ ಅಪಖ್ಯಾತ ಮತವನ್ನು ಅದು ಹೋಲುತ್ತಿದೆಯೆಂಬುದೇ ಅವನ ಭೀತಿ.

ಆಗ ನಡೆದ ಸಂಗತಿಯನ್ನು ನಾನು ಎಷ್ಟು ಸಲ ನೆನೆದರೂ ತಣಿಯುವುದಿಲ್ಲ. ಪಕ್ಕದ ಮೇಜಿನಲ್ಲಿ ಹೋವರ್ಡ್ ಫಾಸ್ಟರ್ ಎಂಬ, ಕಿವಿ ಕೇಳಿಸದ ಯುವಕನೊಬ್ಬನು ಬೇರೊಂದೇ ಕೆಲಸದಲ್ಲಿ ತೊಡಗಿದ್ದನು: ಸಾಗರದಡಿಯ ಟೆಲಿಫೋನ್ ತಂತಿಗಳನ್ನು ಎಲ್ಲಿ ಹಾಸಿದರೆ ಕ್ಷೇಮವೆಂದು ತಿಳಿಯುವುದಕ್ಕಾಗಿ, ಸಮುದ್ರದಲ್ಲಿ ಹುಟ್ಟಿದ ಭೂಕಂಪಗಳ ಕೇಂದ್ರಗಳನ್ನು ಸಾವಿರಗಟ್ಟಲೆ ಚುಕ್ಕೆಗಳಾಗಿ ನಕ್ಷೆಯ ಮೇಲೆ ಇಡುತ್ತಿದ್ದನು. ಎರಡು ನಕ್ಷೆಗಳಿಗೂ ಒಂದೇ ಪ್ರಮಾಣ. ಕೆಳಗಿನಿಂದ ದೀಪ ಹಚ್ಚಿದ ಗಾಜಿನ ಮೇಜಿನ ಮೇಲೆ ಒಂದರ ಮೇಲೊಂದನ್ನು ಇಟ್ಟಾಗ, ಫಾಸ್ಟರನ ಚುಕ್ಕೆಗಳು ಥಾರ್ಪಳ ಕಣಿವೆಯೊಳಗೆ ಸಾಲಾಗಿ ಇಳಿದು ಕುಳಿತುವು. ಕಂಪನವು ಶ್ರೇಣಿಯ ಇಳಿಜಾರಿನಲ್ಲಿಯೂ ಇರಲಿಲ್ಲ, ಬಯಲಿನಲ್ಲಿಯೂ ಇರಲಿಲ್ಲ. ಆ ಸೀಳಿನಲ್ಲಿಯೇ ಇತ್ತು. ಅಳತೆಗಳಿಲ್ಲದ ಸಮುದ್ರಗಳಲ್ಲಿಯೂ ಭೂಕಂಪದ ಚುಕ್ಕೆಗಳ ಜಾಡು ಹಿಡಿದು ಹೋದಾಗ, ಭೂಮಿಯನ್ನೆಲ್ಲ ಸುತ್ತುವ ಸುಮಾರು 65,000 ಕಿಲೋಮೀಟರು ಉದ್ದದ ಒಂದೇ ಪರ್ವತಮಾಲೆಯು ಬಯಲಾಯಿತು. ಹೀಜನ್ ತನ್ನ ತಪ್ಪನ್ನು ಒಪ್ಪಿಕೊಂಡನು. ಆಳದ ಅಂಕಿಗಳನ್ನು ನೌಕಾದಳವು ಗೋಪ್ಯವೆಂದು ಸಾರಿದ್ದುದರಿಂದ, ಥಾರ್ಪ್ ಅಂಕಿಗಳನ್ನು ಬಿಟ್ಟು, ವಿಮಾನದಿಂದ ನೋಡಿದಂತೆ ಬೆಟ್ಟಕಣಿವೆಗಳ ಚಿತ್ರವಾಗಿಯೇ ಸಾಗರತಳವನ್ನು ಬರೆದಳು. ಇಂದು ಶಾಲೆಗಳ ಗೋಡೆಯ ಮೇಲೆ ನಾವು ಕಾಣುವ ಸಾಗರತಳದ ಚಿತ್ರಗಳಿಗೆಲ್ಲ ಅದೇ ತಾಯಿ. ಅದರ ಕೆಳಗೆ ಆಕೆಯ ಹೆಸರನ್ನು ಹೇಳುವ ಅಧ್ಯಾಪಕರು ಎಷ್ಟು ಮಂದಿ ಇದ್ದಾರೆ?

ಮುಂದಿನದು ವೇಗವಾಗಿ ನಡೆಯಿತು. ಯುದ್ಧಕಾಲದಲ್ಲಿ ತಾನು ನಡೆಸಿದ ಹಡಗಿನ ಪ್ರತಿಧ್ವನಿಯಂತ್ರವನ್ನು ಹಗಲುರಾತ್ರಿ ನಿಲ್ಲಿಸದೆ ಇಟ್ಟು ಶಾಂತಸಾಗರದ ತಳವನ್ನು ಅರಿತಿದ್ದ ಹ್ಯಾರಿ ಹೆಸ್, 1962ರಲ್ಲಿ ಇಡೀ ದೃಶ್ಯವನ್ನು ಒಂದೆಡೆ ಕೂಡಿಸಿದನು: ಆ ಸೀಳಿನಲ್ಲಿ ಆಳದಿಂದ ಹೊಸ ಶಿಲೆಯು ಉಕ್ಕಿಬಂದು ಎರಡು ಮಗ್ಗುಲಿಗೂ ಹರಡುತ್ತದೆ, ಹಳೆಯ ತಳವು ಸಾಗರದ ಅಂಚಿನ ಕಂದಕಗಳಲ್ಲಿ ಮತ್ತೆ ಒಳಕ್ಕೆ ಇಳಿಯುತ್ತದೆ, ಖಂಡಗಳು ಈ ಚಲಿಸುವ ಹಾಸಿನ ಮೇಲೆ ಕುಳಿತು ಸಾಗುತ್ತವೆ. ಜೆಫ್ರೀಸನ ಆಕ್ಷೇಪಣೆಗೆ ಉತ್ತರವು ಬಂದಿತ್ತು: ಖಂಡವು ಸಾಗರತಳವನ್ನು ಸೀಳಬೇಕಾಗಿಲ್ಲ, ತಳವೇ ಅದನ್ನು ಹೊತ್ತು ಒಯ್ಯುತ್ತದೆ. ಆದರೆ ಹೆಸ್ ತನ್ನ ಪ್ರಬಂಧವನ್ನು ತಾನೇ ಭೂಕಾವ್ಯವೆಂದು ಕರೆದನು. ಅದಕ್ಕೆ ಬೇಕಾದ ಪ್ರಮಾಣವು ಇನ್ನೂ ಕೈಗೂಡಿರಲಿಲ್ಲವೆಂಬುದನ್ನು ಆತನು ಬಲ್ಲನು.

ಆ ಪ್ರಮಾಣವು ನಮ್ಮ ಪಡುಗಡಲಿನಿಂದಲೇ ಬಂದಿತೆಂಬುದನ್ನು ನಮ್ಮವರಲ್ಲಿ ಅನೇಕರು ಅರಿಯರು. ಮಂಗಳೂರಿನಿಂದ ನೈರುತ್ಯಕ್ಕೆ ದೂರದಲ್ಲಿ, ಅರಬ್ಬೀ ಸಮುದ್ರದ ಅಡಿಯಲ್ಲಿ, ಕಾರ್ಲ್ಸ್‌ಬರ್ಗ್ ಎಂಬ ಪರ್ವತಶ್ರೇಣಿಯು ಹಾದುಹೋಗುತ್ತದೆ. 1962ರಲ್ಲಿ ಅಂತಾರಾಷ್ಟ್ರೀಯ ಹಿಂದೂ ಮಹಾಸಾಗರ ಶೋಧಯಾತ್ರೆಯ ಅಂಗವಾಗಿ ಬ್ರಿಟನ್ನಿನ ಓವನ್ ಎಂಬ ಹಡಗು ಆ ಶ್ರೇಣಿಯ ಮೇಲೆ ಕಾಂತಮಾಪಕವನ್ನು ಎಳೆದುಕೊಂಡು ಹಿಂದಕ್ಕೂ ಮುಂದಕ್ಕೂ ಸಂಚರಿಸಿತು. ಆ ಅಳತೆಗಳನ್ನು ಡ್ರಮಂಡ್ ಮ್ಯಾಥ್ಯೂಸ್ ಕೇಂಬ್ರಿಜಿಗೆ ಒಯ್ದನು, ಅವನ ಶಿಷ್ಯ ಫ್ರೆಡ್ ವೈನ್ ಅವುಗಳ ಅರ್ಥವನ್ನು ಬಿಡಿಸಿದನು. ಕರಗಿದ ಲಾವಾರಸವು ಆರಿ ಕಲ್ಲಾಗುವಾಗ ಅದರೊಳಗಿನ ಕಬ್ಬಿಣದ ಕಣಗಳು ಆ ಕಾಲದ ಭೂಕಾಂತದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಭೂಮಿಯ ಕಾಂತಧ್ರುವಗಳೋ ಕಾಲಕಾಲಕ್ಕೆ ಉತ್ತರ ದಕ್ಷಿಣಗಳನ್ನು ಅದಲುಬದಲು ಮಾಡಿಕೊಂಡಿವೆ; ಕೊನೆಯ ಬದಲಾವಣೆಯು ಸುಮಾರು 7.8 ಲಕ್ಷ ವರ್ಷಗಳ ಹಿಂದಿನದು. ಸಾಗರತಳವು ನಡುವಿನ ಸೀಳಿನಲ್ಲಿ ಹುಟ್ಟಿ ಎರಡು ಕಡೆಗೆ ಸರಿಯುವುದು ನಿಜವಾದರೆ, ಶ್ರೇಣಿಯ ಎಡಬಲಗಳಲ್ಲಿ ಸೀರೆಯ ಎರಡು ಅಂಚಿನಂತೆ ಒಂದನ್ನೊಂದು ಹೋಲುವ ಪಟ್ಟೆಗಳಿರಬೇಕು. 1963ರ ಸೆಪ್ಟೆಂಬರಿನಲ್ಲಿ ಅವರು ಪ್ರಕಟಿಸಿದ ತರ್ಕವು ಇಷ್ಟೆ. ಅದೇ ವರ್ಷ ಅದೇ ತರ್ಕವನ್ನು ಕೆನಡದ ಲಾರೆನ್ಸ್ ಮಾರ್ಲೆ ಸ್ವತಂತ್ರವಾಗಿ ಬರೆದು ಎರಡು ಪತ್ರಿಕೆಗಳಿಗೆ ಕಳುಹಿಸಿದ್ದನು. ಎರಡೂ ತಿರಸ್ಕರಿಸಿದುವು, ಅದು ಪಾನಗೋಷ್ಠಿಗಳಲ್ಲಿ ಆಡತಕ್ಕ ಮಾತೆಂದು ಒಬ್ಬ ಪರಿಶೀಲಕನು ಬರೆದನು. ಅದು ಅನ್ಯಾಯವೇ ಸರಿ. ಆದರೆ ಮಾರ್ಲೆಯ ಮಾತು ನಿಂತದ್ದು ತಿರಸ್ಕೃತವಾದುದರಿಂದ ಅಲ್ಲ; 1966ರಲ್ಲಿ ಎಲ್ಟಾನಿನ್ ಎಂಬ ಹಡಗು ದಕ್ಷಿಣ ಶಾಂತಸಾಗರದಿಂದ ತಂದ ಕಾಂತಲೇಖವನ್ನು ನಡುವೆ ಮಡಿಸಿದಾಗ ಎಡಭಾಗವು ಬಲಭಾಗದ ಮೇಲೆ ಏರಿಳಿತ ಸಹಿತ ಸರಿಹೊಂದಿದುದರಿಂದ ನಿಂತಿತು. 1968ರಲ್ಲಿ ಗ್ಲೋಮರ್ ಚಾಲೆಂಜರ್ ಹಡಗು ದಕ್ಷಿಣ ಅಟ್ಲಾಂಟಿಕದ ತಳವನ್ನು ಕೊರೆದು, ಶ್ರೇಣಿಯಿಂದ ದೂರ ಹೋದಷ್ಟೂ ತಳವು ಹಳೆಯದಾಗುತ್ತ ಹೋಗುವುದನ್ನು ಕಂಡಿತು. ಅದೇ ಸುಮಾರಿಗೆ ಮಾರ್ಗನ್, ಮೆಕೆಂಜಿ ಮೊದಲಾದವರು ಭೂಮಿಯ ಹೊರಚಿಪ್ಪನ್ನು ಗಟ್ಟಿಯಾದ ಕೆಲವು ಫಲಕಗಳೆಂದು ಭಾವಿಸಿ ಅವುಗಳ ಚಲನೆಯನ್ನು ಗಣಿತಕ್ಕೆ ಅಳವಡಿಸಿದರು.

ಇದರಿಂದ ತಿಳಿದುಬಂದ ಒಂದು ವಿಷಯವು ನನ್ನ ಕಲ್ಪನೆಯನ್ನು ಇಂದಿಗೂ ಕಲಕುತ್ತದೆ. ನೆಲವು ಹೊಸದು, ಸಮುದ್ರವು ಸನಾತನವೆಂದು ನಾವು ಭಾವಿಸುತ್ತೇವೆ. ಬೆಂಗಳೂರಿನ ಲಾಲ್‌ಬಾಗಿನ ಗುಡ್ಡದ ಬಂಡೆಗೆ ಸುಮಾರು 300 ಕೋಟಿ ವರ್ಷಗಳ ವಯಸ್ಸು; ಮಹಾಸಾಗರಗಳ ತಳದಲ್ಲಿಯಾದರೋ 20 ಕೋಟಿ ವರ್ಷಕ್ಕಿಂತ ಬಹಳ ಹಳೆಯ ಶಿಲೆಯನ್ನು ಹುಡುಕಿದರೂ ಸಿಕ್ಕುವುದು ದುರ್ಲಭ. ಸಂಜೆಯ ಹೊತ್ತು ಮಕ್ಕಳು ಜಾರಿ ಆಡುವ ಆ ಬಂಡೆಯ ಮುಂದೆ ಅಟ್ಲಾಂಟಿಕವು ನಿನ್ನೆ ಮೊನ್ನೆ ತುಂಬಿದ ಕೆರೆ.

ನಮ್ಮ ನಾಡಿನ ಕಲ್ಲುಗಳೂ ಈ ವಿಚಾರಣೆಯಲ್ಲಿ ಸಾಕ್ಷಿ ಹೇಳಿವೆ. ಕಾಂತಸೂಚಿಯನ್ನು ಸ್ವತಂತ್ರವಾಗಿ ತೂಗಬಿಟ್ಟರೆ ಭೂಮಧ್ಯರೇಖೆಯಲ್ಲಿ ಅದು ಮಟ್ಟಸವಾಗಿ ಮಲಗುತ್ತದೆ, ಧ್ರುವದ ಕಡೆಗೆ ಹೋದಷ್ಟೂ ಓರೆಯಾಗುತ್ತದೆ. ಆದುದರಿಂದ ಕಲ್ಲಿನೊಳಗಿನ ಕಾಂತತೆಯ ಓರೆಯನ್ನು ಅಳೆದರೆ ಆ ಕಲ್ಲು ಯಾವ ಅಕ್ಷಾಂಶದಲ್ಲಿ ಆರಿತೆಂಬುದನ್ನು ಹೇಳಬಹುದು. 1950ರ ದಶಕದಲ್ಲಿ ಕೇಂಬ್ರಿಜಿನ ಎಡ್ವರ್ಡ್ ಅರ್ವಿಂಗ್ ಮತ್ತು ಲಂಡನ್ನಿನ ಕ್ಲೆಗ್ ಮೊದಲಾದವರೂ, ಅವರೊಡನೆ ನಮ್ಮ ಸಹಸ್ರಬುದ್ಧೆ, ರಾಧಾಕೃಷ್ಣಮೂರ್ತಿ ಮುಂತಾದವರೂ ಭಾರತದ ಲಾವಾಶಿಲೆಗಳನ್ನು ಹೀಗೆ ಅಳೆದರು. ದಖನಿನ ಕಪ್ಪುಕಲ್ಲು ಹೊರಬಂದಾಗ ಭಾರತವು ಭೂಮಧ್ಯರೇಖೆಗೆ ಸುಮಾರು 30 ಡಿಗ್ರಿ ದಕ್ಷಿಣದಲ್ಲಿತ್ತೆಂದು ಆ ಓರೆಯು ತಿಳಿಸಿತು. ಅರ್ವಿಂಗನ ಪ್ರಬಂಧಕ್ಕೆ ಪರೀಕ್ಷಕರು ಡಾಕ್ಟರೇಟ್ ಪದವಿಯನ್ನು ಕೊಡಲಿಲ್ಲ. ಅಂಕಿಗಳು ಮಾತ್ರ ಉಳಿದುವು. ವಿಜಯಪುರದ ಗೋಳಗುಮ್ಮಟವನ್ನು ಕಟ್ಟಿರುವುದು ಇದೇ ಕುಲದ ಕಲ್ಲಿನಿಂದ. ಆದಿಲ್‌ಶಾಹಿಯ ಶಿಲ್ಪಿಗಳು ಆ ಕಲ್ಲನ್ನು ಗೋಡೆಗೆ ಏರಿಸುವುದಕ್ಕೆ ಸುಮಾರು 6.6 ಕೋಟಿ ವರ್ಷಗಳ ಮೊದಲೇ ಅದು ಸಮಭಾಜಕವನ್ನು ದಾಟಬೇಕಾದ ದೀರ್ಘಯಾತ್ರೆಗೆ ಹೊರಟಿತ್ತು.

ಇದಕ್ಕೂ ಹಿಂದಿನ ಅಗಲಿಕೆಯ ಗುರುತನ್ನು ನೋಡಬೇಕೆಂದು ನಾನು ಎರಡು ವರ್ಷದ ಕೆಳಗೆ ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದೆನು. ಅಲ್ಲಿ ಆಳೆತ್ತರವನ್ನು ಮೀರಿದ ಕಲ್ಲುಕಂಬಗಳು ಕಟ್ಟಿಗೆಯ ಹೊರೆಯಂತೆ ಒತ್ತಾಗಿ ನಿಂತಿವೆ, ಒಂದರ ತಲೆಯ ಮೇಲೆ ಬೆರಳಾಡಿಸಿ ಎಣಿಸಿದೆ, ಆರು ಮೂಲೆ, ಪಕ್ಕದ್ದಕ್ಕೆ ಐದು. ಬತ್ತಿದ ಕೆರೆಯ ಕೆಸರು ಬಿರಿಯುವಂತೆಯೇ, ಲಾವಾ ಆರುತ್ತ ಕುಗ್ಗಿ ಹೀಗೆ ಬಿರಿದಿದೆ. ಭಾರತವೂ ಮಡಗಾಸ್ಕರವೂ ಒಂದನ್ನೊಂದು ಬಿಟ್ಟು ಸರಿದ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಹೊರಬಂದ ಲಾವಾ ಅದು. ಅದರ ಜೊತೆಯವು ಇಂದು ಸುಮಾರು 4,000 ಕಿಲೋಮೀಟರು ದೂರದ ಮಡಗಾಸ್ಕರಿನಲ್ಲಿವೆ. ಸ್ಕ್ಲೇಟರನ ತೊಡಕಿಗೆ ನಿಜವಾದ ಉತ್ತರದ ಒಂದು ಭಾಗವು ಹೀಗೆ ನಮ್ಮ ಉಡುಪಿಯ ಕಡಲಲ್ಲಿಯೇ ನಿಂತಿತ್ತು. ಮುಳುಗಿದ ಖಂಡವಿಲ್ಲ, ಬಿಟ್ಟುಹೋದ ಖಂಡವಿದೆ. ಭೂವೈಜ್ಞಾನಿಕ ಸರ್ವೇಕ್ಷಣೆಯು ಆ ಸ್ಥಳವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆಯಾದರೂ, ನನ್ನೊಡನೆ ದೋಣಿಯಲ್ಲಿದ್ದ ಶಾಲಾಮಕ್ಕಳಿಗೆ ಅದೇನೆಂದು ಹೇಳುವವರು ಯಾರೂ ಇರಲಿಲ್ಲ. ಅವರು ಕಂಬಗಳ ಮೇಲೆ ನಿಂತು ಚಿತ್ರ ತೆಗೆಸಿಕೊಂಡು ಹಿಂದಿರುಗಿದರು.

ನನ್ನ ದೂರು ಇರುವುದು ಇಲ್ಲಿ. ನಮ್ಮ ಪಠ್ಯಪುಸ್ತಕಗಳಲ್ಲಿ ಈ ಸಿದ್ಧಾಂತಕ್ಕೆ ಒಂದೆರಡು ಪುಟಗಳಿವೆ. ಫಲಕಗಳ ಹೆಸರುಗಳನ್ನು ಬಾಯಿಪಾಠ ಮಾಡಿಸುತ್ತಾರೆ, ವೆಗೆನರನ ಹೆಸರನ್ನು ಒಂದು ಅಂಕದ ಪ್ರಶ್ನೆಗೆ ಮೀಸಲಿಡುತ್ತಾರೆ. ತೀರ್ಪನ್ನು ಕಲಿಸಿ ವಿಚಾರಣೆಯನ್ನು ಬಿಟ್ಟುಬಿಟ್ಟರೆ, ಮಗುವಿಗೆ ಈ ತೀರ್ಪೂ ಮುಳುಗಿದ ಖಂಡದ ಕಥೆಯೂ ಒಂದೇ ತೂಕದ ಎರಡು ಹೇಳಿಕೆಗಳಾಗಿ ಕಾಣುವುದರಲ್ಲಿ ಆಶ್ಚರ್ಯವೇನು? ಜೆಫ್ರೀಸನ ಆಕ್ಷೇಪಣೆಯನ್ನು ಹೇಳಿಕೊಡಬೇಕು, ವೆಗೆನರನ ತಪ್ಪು ಅಂಕಿಯನ್ನು ಹೇಳಿಕೊಡಬೇಕು, ಥಾರ್ಪಳ ಮೇಜನ್ನು ತರಗತಿಯಲ್ಲಿ ಮರಳಿ ಹೂಡಬೇಕು. ವೆಗೆನರ್ ಗ್ರೀನ್‌ಲೆಂಡಿನಲ್ಲಿ ಬಯಸಿದ ಅಳತೆಯು ಇಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ, ಉಪಗ್ರಹಗಳ ಸಂಕೇತವನ್ನು ಹಿಡಿಯುವ ಒಂದು ಸಣ್ಣ ಆಂಟೆನಾದಿಂದ, ದಿನವೂ ನಡೆಯುತ್ತಿದೆ. ಅದರ ಪ್ರಕಾರ ನಮ್ಮ ನೆಲವು ವರ್ಷಕ್ಕೆ ಸುಮಾರು 5 ಸೆಂಟಿಮೀಟರು ಈಶಾನ್ಯಕ್ಕೆ ಸರಿಯುತ್ತಿದೆ. ಈ ಅಂಕಿಯು ಯಾವ ಪಠ್ಯಕ್ಕಿಂತಲೂ ಹೆಚ್ಚಾಗಿ ಒಂದು ಮಗುವನ್ನು ಎಬ್ಬಿಸಿ ಕೂರಿಸಬಲ್ಲುದು.

ಆ ತರುಣನಿಗೆ ಅಂದು ಸಭೆ ಮುಗಿದ ಮೇಲೆ, ಕಾಫಿ ಕುಡಿಯುವಾಗ, ನಾನು ಒಂದು ಕೆಲಸವನ್ನು ಒಪ್ಪಿಸಿದ್ದೆ. ಒಂದು ವರ್ಷದಲ್ಲಿ ಜಗತ್ತಿನಲ್ಲಿ ಆಗಿರುವ, ಐದರ ಪ್ರಮಾಣಕ್ಕೆ ಮೇಲ್ಪಟ್ಟ ಭೂಕಂಪಗಳ ಪಟ್ಟಿಯು ಯಾರಿಗೆ ಬೇಕಾದರೂ ದೊರೆಯುತ್ತದೆ; ಅದನ್ನು ತೆಗೆದುಕೊಂಡು, ಸಮುದ್ರಗಳಲ್ಲಿ ಏನನ್ನೂ ಬರೆದಿರದ ಭೂಪಟದ ಮೇಲೆ ಒಂದೊಂದಕ್ಕೆ ಒಂದೊಂದು ಚುಕ್ಕೆ ಇಡು ಎಂದು ಹೇಳಿದ್ದೆ. ಮರೆತಿರಬಹುದೆಂದುಕೊಂಡಿದ್ದೆ. ದಸರೆಯ ರಜದಲ್ಲಿ ಅವನು ಬಂದನು, ಕಂಕುಳಲ್ಲಿ ಸುರುಳಿ ಸುತ್ತಿದ ಕಾಗದ. ಪಡಸಾಲೆಯ ನೆಲದ ಮೇಲೆ ಅದನ್ನು ಬಿಚ್ಚಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಲೋಟಗಳನ್ನಿಟ್ಟೆವು. ಸಾವಿರಕ್ಕೆ ಮೇಲ್ಪಟ್ಟ ಕೆಂಪು ಚುಕ್ಕೆಗಳು. ಹೆಚ್ಚಿನವು ಶಾಂತಸಾಗರದ ಅಂಚಿನಲ್ಲಿ ದಟ್ಟವಾಗಿ ಕವಿದಿದ್ದುವು, ಹಿಮಾಲಯದ ಉದ್ದಕ್ಕೆ ಕೆಲವು, ಅಟ್ಲಾಂಟಿಕದ ನಡುವೆ ಒಂದು ತೆಳುವಾದ ಸಾಲು. ಅವನು ಅವುಗಳನ್ನು ಬಿಟ್ಟು ನಮ್ಮ ಪಡುಗಡಲಿನ ಕಡೆ ಬಾಗಿ, ಏಡನ್ನಿನ ದಿಕ್ಕಿನಿಂದ ಇಳಿದು ನಡುಸಮುದ್ರದಲ್ಲಿ ಹಾದುಹೋಗುವ ಏಳೆಂಟು ಚುಕ್ಕೆಗಳ ಮೇಲೆ ಬೆರಳಿಟ್ಟನು. "ಸರ್, ಇಲ್ಲಿ ದ್ವೀಪವೂ ಇಲ್ಲ, ಏನೂ ಇಲ್ಲ. ಬರೀ ನೀರು. ನಡುಗುತ್ತಾ ಇರುವುದು ಏನು?" ಎಂದು ಕೇಳಿದನು.